ಮೊಳೆಗೆ ತೂಗಿದ ಕಡಾಯಿ

ಬೀಳಗಿಯ ಹತ್ತಿರದ ಪುನರ್ವಸತಿ ಕೇಂದ್ರದಲ್ಲಿ ಹೊಳೆವ್ವನ ಮನೆಗೆ ಯಾರೇ ಹೋಗಲಿ, ಚಹಾದ ಜೊತೆ ಒಂದು ತಾಟಿನಲ್ಲಿ ಬಟಾಟೆ ಚಿಪ್ಸ್ ಬರುತ್ತವೆ. ಕರಿದವಲ್ಲ, ಓವನ್ನಿನಲ್ಲಿ ಸುಟ್ಟವು. ಅಂಚು ಕೆಂಪಗೆ, ನಡು ಹಳದಿ, ಬಾಯಿಗಿಟ್ಟರೆ ಕರುಂ ಎನ್ನುತ್ತವೆ. ಕೈಗೆ ಮಾತ್ರ ಎಣ್ಣೆ ಹತ್ತುವುದಿಲ್ಲ. ಹೊಸಬರು ಈ ಮನೆಯಲ್ಲಿ ಯಾರಿಗೋ ಬಿ.ಪಿ. ಇರಬೇಕು, ಡಾಕ್ಟರು ಎಣ್ಣೆ ಬಿಡಿಸಿರಬೇಕು ಎಂದುಕೊಂಡು ತಿನ್ನುತ್ತಾರೆ. ಹೊಳೆವ್ವನಿಗೆ ಯಾವ ರೋಗವೂ ಇಲ್ಲ. ಆಕೆಗಿರುವುದು ಸಿಟ್ಟು. ಆ ಸಿಟ್ಟು ಆಕೆಯ ಅಡುಗೆಮನೆಯ ಗೋಡೆಯ ಮೇಲೆ, ಒಲೆಗೆ ಎದುರಾಗಿ, ಒಂದು ಮೊಳೆಗೆ ತೂಗಿಕೊಂಡಿದೆ. ನೋಡಿದವರಿಗೆ ಅದು ಬರೀ ಕಬ್ಬಿಣದ ಕಡಾಯಿ.

ಗಂಡ ಅಮಸಿದ್ದಪ್ಪ ಇದ್ದಾಗ ಆ ಕಡಾಯಿಗೆ ಪುರುಸೊತ್ತು ಇರುತ್ತಿರಲಿಲ್ಲ. ಕುರಿ ಕಾಯುವ ಮನೆತನದವನು, ಬೀರೇಶ್ವರನ ಭಕ್ತ. ಊರು, ಹೊಲ ಎರಡೂ ಹಿನ್ನೀರಿನ ಪಾಲಾದ ಮೇಲೆ ಕುರಿ ಮಾರಿ, ಆಣೆಕಟ್ಟಿನ ನೌಕರರ ಕಾಲೊನಿಯಲ್ಲಿ ಕಾವಲುಗಾರನಾಗಿ ಸೇರಿಕೊಂಡಿದ್ದ. ಖಾಕಿ ಅಂಗಿಯ ಮೇಲೂ ಹೆಗಲಿಗೆ ಕಂಬಳಿ ಬಿಟ್ಟವನಲ್ಲ. ಸಂತೆಯ ದಿನ ಆ ಕಂಬಳಿಯ ಮಡಿಕೆಯಲ್ಲಿ ಬಟಾಟೆ ಕಟ್ಟಿಕೊಂಡು ಬಂದನೆಂದರೆ ಹೊಳೆವ್ವ ಹೇಳಿಸಿಕೊಳ್ಳದೆ ಕಡಾಯಿ ಇಡುತ್ತಿದ್ದಳು. ಆಕೆ ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಎಣ್ಣೆಗೆ ಬಿಡುವುದು, ಅವನು ತಾಟಿಗೆ ಬಿದ್ದವು ತಣ್ಣಗಾಗುವ ಮೊದಲೇ ತಿಂದು ಬಾಯಿ ಸುಟ್ಟುಕೊಳ್ಳುವುದು, ದೊಡ್ಡ ಮಗಳು ವೈಶಾಲಿ ಪುಸ್ತಕದಿಂದ ತಲೆಯೆತ್ತದೆ ಕೈ ಚಾಚುವುದು, ಸಣ್ಣವಳು ಲಗಮಿ ತಾಟನ್ನೇ ಎಳೆದುಕೊಂಡು ಓಡುವುದು. ಆ ಮನೆಯ ಹಬ್ಬ ಅದು.

ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಟ ಅಮಸಿದ್ದಪ್ಪ ಬಸ್ಸಿಗೆ ಕಾಯುತ್ತ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ. ಬಸ್ಸು ಬಂತು, ಹೋಯಿತು. ಅವನು ಏಳಲಿಲ್ಲ.

ಸಾವಾದ ಮನೆಯಲ್ಲಿ ಕಡಾಯಿ ಏರುವುದಿಲ್ಲ. ರೊಟ್ಟಿ ಬಡಿಯಬಹುದು, ಪಲ್ಯ ಒಗ್ಗರಿಸಬಹುದು. ಕಡಾಯಿ ತುಂಬ ಎಣ್ಣೆ ಕಾಯಿಸಿ ಏನನ್ನೂ ಕರಿಯುವಂತಿಲ್ಲ. ದಿವಸದ ಊಟವಾದ ಮೇಲೆ ಗಂಡ ಸತ್ತವಳ ತವರಿನವರು ಸೀರೆ ತರಬೇಕು, ಒಲೆಯ ಮೇಲೆ ಕಡಾಯಿ ಇಡಿಸಬೇಕು, ಮೊದಲ ಎಣ್ಣೆ ಅಣ್ಣನೋ ತಮ್ಮನೋ ತನ್ನ ಕೈಯಾರೆ ಹೊಯ್ಯಬೇಕು. ಒಂದು ಪೂರಿಯಾದರೂ ಉಬ್ಬಿ ಮೇಲೆ ಬಂದಮೇಲೆ ಆ ಮನೆ ಮತ್ತೆ ಊರಿನ ಮನೆಗಳ ಹಾಗೆ. ಅಲ್ಲಿಯತನಕ ಅದು ಸಾವಿನ ಮನೆಯೇ. ಅಲ್ಲಿಗೆ ಮಂಗಳಕಾರ್ಯದ ಅರಿಷಿಣ ಕುಂಕುಮ ಬರುವುದಿಲ್ಲ, ಅಲ್ಲಿಂದ ಯಾರನ್ನೂ ಹೆಣ್ಣು ಕೇಳುವುದಿಲ್ಲ.

ಹೊಳೆವ್ವನಿಗೆ ತವರೆಂದರೆ ತುಬಚಿಯ ಅಣ್ಣ ಹಾಲಸಿದ್ದಪ್ಪ ಒಬ್ಬನೇ. ಮಣ್ಣಿಗೆ ಬಂದಾಗ ಅವನು ನಿಜವಾಗಿಯೇ ಅತ್ತಿದ್ದ. ದಿವಸದ ದಿನವೂ ಬಂದ, ಕೈಯಲ್ಲಿ ಸೀರೆಯ ಚೀಲವಿತ್ತು. ಅತ್ತೆ ಬೋರವ್ವ, ಮಗನನ್ನು ಕಳೆದುಕೊಂಡ ಮುದುಕಿ, ತಾನೇ ಕೂತು ಕಡಾಯಿ ತಿಕ್ಕಿ ಒಲೆಯ ಮೇಲೆ ಇಟ್ಟಿದ್ದಳು. ಪಕ್ಕದಲ್ಲಿ ಎಣ್ಣೆಯ ತಂಬಿಗೆ. ಹಿಟ್ಟು ನಾದಿ ಮುಚ್ಚಿತ್ತು. ಬಂಧುಬಳಗವೆಲ್ಲ ಪಡಸಾಲೆಯಲ್ಲಿ ಕೂತು ಅಡುಗೆಮನೆಯ ಕಡೆಗೇ ನೋಡುತ್ತಿತ್ತು. ಹಾಲಸಿದ್ದಪ್ಪ ಹೊಸ್ತಿಲ ಹತ್ತಿರ ಬಂದು ನಿಂತ. ತಂಬಿಗೆಗೆ ಕೈ ಹಾಕಲಿಲ್ಲ.

"ಮೊದಲ ಹುಡುಗಿ ಮಾತು ಮುಗೀಲಿ," ಎಂದ. "ಆಮ್ಯಾಲ ಎಣ್ಣಿ ಹಾಕತೇನಿ."

ಹುಡುಗಿ ಎಂದರೆ ವೈಶಾಲಿ. ಅವಳನ್ನು ತನ್ನ ಮಗ ಮಹಾಲಿಂಗನಿಗೆ ತಂದುಕೊಳ್ಳಬೇಕೆಂದು ಅವನು ಮೊದಲಿನಿಂದಲೂ ಹೇಳುತ್ತಿದ್ದ. ಅಕ್ಕತಂಗಿಯ ಮಗಳನ್ನು ತರುವುದು ಅವರಲ್ಲಿ ಹೊಸದಲ್ಲ. ಮಹಾಲಿಂಗ ಕೆಟ್ಟವನೂ ಅಲ್ಲ. ಟ್ರ್ಯಾಕ್ಟರ್ ಹೊಡೆದುಕೊಂಡು, ಯಾರು ಏನು ಹೇಳಿದರೂ ಹ್ಞೂಂ ಎನ್ನುವ ಜೀವ. ಆದರೆ ವೈಶಾಲಿ ಜಮಖಂಡಿಯಲ್ಲಿ ಮಾಸ್ತರಿಕೆಯ ಓದು ಓದುತ್ತಿದ್ದಳು. ಇಡೀ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಅಮಸಿದ್ದಪ್ಪ ಬದುಕಿದ್ದಾಗ, ಓದು ಮುಗಿಯಲಿ, ಅವಳು ಏನನ್ನುತ್ತಾಳೋ ಕೇಳೋಣ ಎಂದು ಮಾತನ್ನು ತೇಲಿಸಿದ್ದ. ಈಗ ಅವನಿಲ್ಲ.

ಹೊಳೆವ್ವ ಸೆರಗಿನೊಳಗಿಂದಲೇ, ಅವರು ಓದು ಮುಗೀಲಿ ಅಂದಿದ್ದರು ಎಂದಷ್ಟೇ ಹೇಳಿದಳು. ಹಾಲಸಿದ್ದಪ್ಪ ಅದಕ್ಕೆ, ಹಾಗಾದರೆ ಕಡಾಯಿಯೂ ಓದು ಮುಗಿಯುವತನಕ ಕಾಯಲಿ ಎಂದ. ಸೀರೆಯ ಚೀಲ ಎತ್ತಿಕೊಂಡ. ಬಳಗವೆಲ್ಲ ನೋಡುತ್ತಿದ್ದಂತೆ ಹೊರಟೇ ಹೋದ. ನಾದಿದ ಹಿಟ್ಟನ್ನು ಬೋರವ್ವ ಚಪಾತಿ ಮಾಡಿ ಬಡಿಸಿದಳು. ತಣ್ಣಗಿನ ಕಡಾಯಿಯನ್ನು ಒಲೆಯಿಂದ ತೆಗೆದು ಮೊಳೆಗೆ ತೂಗುಹಾಕಿದ್ದು ಹೊಳೆವ್ವ. ತೂಗುಹಾಕಿದ ರಭಸಕ್ಕೆ ಗೋಡೆಯ ಸುಣ್ಣ ಉದುರಿತು.

ಮೊದಮೊದಲು ಆಕೆ ಅಣ್ಣ ಸಿಟ್ಟು ಇಳಿದ ಮೇಲೆ ಬರುತ್ತಾನೆ ಎಂದುಕೊಂಡಳು. ಯುಗಾದಿ ಬಂತು, ಅವನು ಬರಲಿಲ್ಲ. ಬಂದವರು ಬೇರೆಯವರು. ಬೀಳಗಿಯ ಚಿಕ್ಕಪ್ಪ ಬಂದ, ಮುಧೋಳದ ಬೀಗರು ಬಂದರು, ಚಿಕ್ಕಪಡಸಲಗಿಯಿಂದ ದೂರದ ಅತ್ತಿಗೆಯೊಬ್ಬಳು ಎರಡು ಬಸ್ಸು ಬದಲಿಸಿ ಬಂದಳು. ಎಲ್ಲರೂ ಚಹಾ ಕುಡಿದರು, ಎಲ್ಲರೂ ಮೊಳೆಯ ಕಡೆ ನೋಡಿದರು, ಎಲ್ಲರೂ ಹೇಳಿದ್ದು ಒಂದೇ. ಹುಡುಗಿಯನ್ನು ಕೊಡು, ಮನೆ ಬಿಡುಗಡೆಯಾಗುತ್ತದೆ. ಯಾರೊಬ್ಬರೂ ತುಬಚಿಗೆ ಹೋಗಿ, ನಿನ್ನ ತಂಗಿಯ ಮನೆಯನ್ನು ಹೀಗೆ ಕಟ್ಟಿಹಾಕುವುದು ಯಾವ ನ್ಯಾಯ ಎಂದು ಹಾಲಸಿದ್ದಪ್ಪನನ್ನು ಕೇಳಲಿಲ್ಲ. ಅದು ಹೊಳೆವ್ವನನ್ನು ಒಳಗೊಳಗೇ ಸುಡುತ್ತಿತ್ತು. ಆಕೆಗೆ ಪದ್ಧತಿಯ ಮೇಲೆ ಸಿಟ್ಟಿರಲಿಲ್ಲ. ಪದ್ಧತಿ ಮಾಡಿದ ಹಿರಿಯರು ವಿಧವೆಯಾದವಳಿಗೆ ತವರಿದೆ ಎಂದು ಊರಿಗೆ ತೋರಿಸುವುದಕ್ಕೆ ಅದನ್ನು ಮಾಡಿದ್ದರು. ಆಸರೆಗೆ ಕೊಟ್ಟ ಕೋಲನ್ನೇ ಅಣ್ಣ ಬೆನ್ನಿಗೆ ಬಾರಿಸಲು ಎತ್ತಿದ್ದ.

ಎಲ್ಲಕ್ಕಿಂತ ಕೆಟ್ಟದಾಗಿ ಸಿಟ್ಟು ಬಂದದ್ದು ವೈಶಾಲಿಯ ಮೇಲೆ. ರಜೆಗೆ ಬಂದ ಹುಡುಗಿ ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತಿದ್ದ ತಾಯಿಯ ಪಕ್ಕದಲ್ಲಿ ಕೂತು, ಮೆಲ್ಲಗೆ ಅಂದಳು:

"ನಾ ಹ್ಞೂಂ ಅಂದ್‌ಬಿಡತೇನಿ ಯವ್ವಾ. ನಿನಗ ಇಷ್ಟ ತ್ರಾಸ ಯಾಕ."

ಹೊಳೆವ್ವ ಮೊರ ನೆಲಕ್ಕೆ ಕುಕ್ಕಿದಳು. ಜೋಳ ಚೆಲ್ಲಾಪಿಲ್ಲಿಯಾಯಿತು.

"ಇನ್ನೊಮ್ಮೆ ಆ ಮಾತ ಆಡಿದ್ರ ನಿನ್ನ ಬಾಯಿಗೆ ಬರಿ ಹಾಕತೇನಿ. ಕಡಾಯಿಗೆ ಮಗಳ್ನ ಕೊಟ್ಟಳು ಅನಿಸ್ಕೊಳ್ಳಾಕ ನಾ ಬದುಕಿಲ್ಲ."

ನಾಗರಪಂಚಮಿ ಬಂತು. ಎಳ್ಳು, ಶೇಂಗಾದ ಉಂಡಿಗೆ ಎಣ್ಣೆ ಕಾಯಿಸಬೇಕಿಲ್ಲ, ಹೇಗೋ ನಡೆಯಿತು. ದೀಪಾವಳಿ ಬಂದಾಗ ನಡೆಯಲಿಲ್ಲ. ಓಣಿಯ ಎಲ್ಲ ಮನೆಗಳಿಂದ ಕರಚಿಕಾಯಿ, ಚಕ್ಕಲಿಗಳ ವಾಸನೆ ಬೆಳಗಿನಿಂದ ಹೊಡೆಯುತ್ತಿತ್ತು. ಆಡಲು ಹೋಗಿದ್ದ ಲಗಮಿ ಲಂಗದ ಮಡಿಲಲ್ಲಿ ಏನನ್ನೋ ಕಟ್ಟಿಕೊಂಡು ಬಂದಳು. ಬಿಚ್ಚಿ ನೋಡಿದರೆ ಬಟಾಟೆ ಚಿಪ್ಸ್, ಎಣ್ಣೆಯಲ್ಲಿ ಲಂಗವೆಲ್ಲ ತೊಯ್ದುಹೋಗಿತ್ತು. ಎದುರುಮನೆಯ ಅನಸವ್ವ ಕೊಟ್ಟಿದ್ದಳಂತೆ. ಹುಡುಗರನ್ನೆಲ್ಲ ಸಾಲಾಗಿ ಕೂರಿಸಿ ಹಂಚುವಾಗ, ಪಾಪ, ಇವರ ಮನೆಯಲ್ಲಿ ಕಡಾಯಿ ಏರಿಲ್ಲ, ಮಾವನಿಗೆ ಬೇಡಾದ ಕೂಸುಗಳು, ಇದಕ್ಕೆ ಎರಡು ಹಿಡಿ ಜಾಸ್ತಿ ಹಾಕಿರಿ ಎಂದಳಂತೆ. ಲಗಮಿ ಅದನ್ನು ಸಂತೋಷದಿಂದಲೇ ಹೇಳಿದಳು. ಎರಡು ಹಿಡಿ ಜಾಸ್ತಿ ಸಿಕ್ಕಿತ್ತಲ್ಲ.

ಹೊಳೆವ್ವ ಆ ಚಿಪ್ಸನ್ನು ಒಂದೂ ಬಿಡದೆ ಒಂದು ಬಟ್ಟಲಿಗೆ ತುಂಬಿ, ಅಳುವ ಮಗಳನ್ನು ರಟ್ಟೆ ಹಿಡಿದು ಕರೆದುಕೊಂಡು ಹೋಗಿ, ಅನಸವ್ವನ ಕಟ್ಟೆಯ ಮೇಲೆ ಇಟ್ಟು ಬಂದಳು. ಜಗಳವಾಡಲಿಲ್ಲ. ಬಂದವಳೇ ಅಟ್ಟಕ್ಕೆ ಏಣಿ ಹಾಕಿದಳು.

ಅಟ್ಟದ ಮೇಲೆ, ಹಳೆಯ ಕಂಬಳಿಯಲ್ಲಿ ಸುತ್ತಿ, ಒಂದು ಓವನ್ ಇತ್ತು. ಕಾಲೊನಿಯ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಅವರ ಹೆಂಡತಿ ಅಮಸಿದ್ದಪ್ಪನಿಗೆ ಕೊಟ್ಟುಹೋಗಿದ್ದು. ಅವನು ಅದನ್ನು ತಲೆಯ ಮೇಲೆ ಹೊತ್ತು ತಂದಿದ್ದ. ಅದರಲ್ಲಿ ಏನು ಮಾಡುವುದೆಂದು ಯಾರಿಗೂ ತಿಳಿಯದೆ ಅಟ್ಟ ಸೇರಿತ್ತು. ಬೋರವ್ವ ಅದನ್ನು ಪೆಟ್ಟಿಗೆ ಎನ್ನುತ್ತಿದ್ದಳು. ಆ ಎಂಜಿನಿಯರನ ಹೆಂಡತಿ ಅದರಲ್ಲಿ ಬಟಾಟೆ ಸುಡುತ್ತಿದ್ದಳೆಂದು, ಕಡಾಯಿಯೇ ಬೇಕಾಗುವುದಿಲ್ಲವೆಂದು ಗಂಡ ಒಮ್ಮೆ ನಗುತ್ತ ಹೇಳಿದ್ದು ಹೊಳೆವ್ವನಿಗೆ ಅನಸವ್ವನ ಕಟ್ಟೆಯಿಂದ ಮನೆಗೆ ಬರುವ ಆ ನಾಲ್ಕು ಹೆಜ್ಜೆಯಲ್ಲಿ ನೆನಪಾಗಿತ್ತು.

ಮೊದಲ ಸಲ ಮಾಡಿದ್ದು ತಿನ್ನಲು ಬರಲಿಲ್ಲ. ಬಟಾಟೆ ದಪ್ಪವಾಗಿ ಹೆಚ್ಚಿದ್ದಳು. ಮೇಲೆ ಸುಟ್ಟು ಒಳಗೆ ಮೆತ್ತಗೆ ಉಳಿಯಿತು. ಎರಡನೆಯ ಸಲ ತೆಳ್ಳಗೆ ಹೆಚ್ಚಿದಳು, ನೀರು ಆರಿಸಲಿಲ್ಲ. ಎಲ್ಲ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಯಿತು. ಮತ್ತೊಮ್ಮೆ ಎಲ್ಲ ಸರಿಯಾಗಿ ಕೆಂಪಾಗುತ್ತಿರುವಾಗ ಕರೆಂಟು ಹೋಗಿ, ಬರುವಷ್ಟರಲ್ಲಿ ತೊಗಲಿನ ಚೂರಿನಂತೆ ಜಗ್ಗಲು ಶುರುವಾಯಿತು. ಲಗಮಿ ಅದನ್ನೂ ತಿಂದಳು, ಹಲ್ಲಿನಿಂದ ಎಳೆದೆಳೆದು. ಬೇರೆ ಯಾರಾದರೂ ಆಗಿದ್ದರೆ ಬಿಟ್ಟುಬಿಡುತ್ತಿದ್ದರೇನೋ. ಹೊಳೆವ್ವನಿಗೆ ಈಳಿಗೆಯ ಮುಂದೆ ಕೂತರೆ ಸಾಕು, ಅಣ್ಣ ಸೀರೆಯ ಚೀಲ ಎತ್ತಿಕೊಂಡದ್ದು ಕಣ್ಣ ಮುಂದೆ ಬರುತ್ತಿತ್ತು, ಚಹಾ ಕುಡಿದು ಹೋದವರ ಮುಖ ಬರುತ್ತಿತ್ತು, ಅನಸವ್ವನ ಪಾಪ ಎನ್ನುವ ದನಿ ಬರುತ್ತಿತ್ತು. ಕೈ ತಾನಾಗಿ ಓಡುತ್ತಿತ್ತು. ಸಿಟ್ಟಿನಲ್ಲಿ ಹೆಚ್ಚಿದ ಬಟಾಟೆ ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುವಷ್ಟು ತೆಳ್ಳಗೆ ಬರತೊಡಗಿತು.

ಕೊನೆಗೆ ಹದ ಸಿಕ್ಕಿತು. ಹೆಚ್ಚಿದ್ದನ್ನು ಉಪ್ಪುನೀರಿನಲ್ಲಿ ಬಿಟ್ಟು, ಬಿಳಿಯ ನೀರು ಹೋಗುವತನಕ ತೊಳೆದು, ಗಂಡನ ಹಳೆಯ ಧೋತರದ ಮೇಲೆ ಹರವಿ ಅದರ ಇನ್ನೊಂದು ಮಡಿಕೆ ಮೇಲೆ ಹೊದಿಸಿ ಒತ್ತಿ ಪೂರ್ತಿ ಆರಿಸಬೇಕು. ಅಂಗೈಗೆ ಎರಡು ಹನಿ ಶೇಂಗಾ ಎಣ್ಣೆ ಹಚ್ಚಿಕೊಂಡು ಅದರಿಂದಲೇ ಎಲ್ಲಕ್ಕೂ ಸವರಬೇಕು. ತಗಡಿನ ತಾಟಿನಲ್ಲಿ ಒಂದರ ಮೇಲೊಂದು ಬೀಳದಂತೆ ಹೊಂದಿಸಬೇಕು. ಆ ಓವನ್ನಿಗೆ ಹಿಂಭಾಗದಲ್ಲಿ ಕಾವು ಜಾಸ್ತಿ. ನಡುವೆ ತಾಟನ್ನು ತಿರುಗಿಸದಿದ್ದರೆ ಅರ್ಧ ಕಪ್ಪಾಗುತ್ತದೆ. ಅಂಚು ಕೆಂಪೇರಿದ ಕೂಡಲೇ ಗುಂಡಿ ತಿರುಗಿಸಿ ಆರಿಸಿ, ಬಾಗಿಲು ಒಂದಿಷ್ಟು ತೆರೆದು ಒಳಗೇ ಬಿಡಬೇಕು. ಆ ಉಳಿದ ಕಾವಿನಲ್ಲೇ ಅವು ಕರುಂ ಆಗುವುದು.

ಮೊದಲ ಸರಿಯಾದ ತಾಟನ್ನು ಹೊಳೆವ್ವ ಯಾರಿಗೂ ಕೊಡದೆ ಬೋರವ್ವನ ಮುಂದೆ ಇಟ್ಟಳು. ಮುದುಕಿ ಪದ್ಧತಿಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಆಕೆ ಬೇಡವೆಂದರೆ ಬೇಡ. ಬೋರವ್ವ ಒಂದನ್ನು ಎತ್ತಿ ಮೂಸಿದಳು, ಬೆರಳಿನಿಂದ ತಿಕ್ಕಿ ಎಣ್ಣೆ ಇದೆಯೇ ನೋಡಿದಳು, ಎದ್ದು ಹೋಗಿ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು. ಆಮೇಲೆ ಬಂದು ಕೂತು, ಕಡಾಯಿ ಏರಿಲ್ಲ, ಎಣ್ಣೆ ಕಾದಿಲ್ಲ, ಇದು ರೊಟ್ಟಿ ಸುಟ್ಟಂತೆಯೇ ಎಂದು ತೀರ್ಪು ಕೊಟ್ಟಳು. ಹಲ್ಲಿಲ್ಲದ ಬಾಯಲ್ಲಿ ಚಿಪ್ಸು ಬಹಳ ಹೊತ್ತು ಹೊರಳಾಡಿತು. ಮಗನಿಗೆ ಇದು ಸೇರುತ್ತಿತ್ತು ಎಂದಳು, ಅಷ್ಟೇ.

ಅಂದಿನಿಂದ ಪ್ರತಿ ಸಂತೆಯ ದಿನ ಹೊಳೆವ್ವನ ಮನೆಯಲ್ಲಿ ಬಟಾಟೆಯ ವಾಸನೆ ಏಳತೊಡಗಿತು. ಲಗಮಿ ಕಿಸೆ ತುಂಬಿಕೊಂಡು ಓಣಿಯಲ್ಲಿ ತಿಂದಳು, ಅನಸವ್ವನ ಮಕ್ಕಳಿಗೂ ಹಂಚಿದಳು. ಸುದ್ದಿ ಹೋಗುವುದಕ್ಕೆ ತಡವೇ? ಹೊಳೆವ್ವ ತವರಿನವರಿಲ್ಲದೆ ತಾನೇ ಕಡಾಯಿ ಏರಿಸಿದಳಂತೆ ಎಂದು ಬಸ್ಸು ಹತ್ತಿದ ಮಾತು ಜಮಖಂಡಿ ದಾಟಿ ತುಬಚಿ ಮುಟ್ಟಿತು. ಸಾವಿಗೆ ಕರೆದರೆ ಬಂದ ಅಣ್ಣ, ಹಬ್ಬಕ್ಕೆ ಬಾರದ ಅಣ್ಣ, ಈ ಮಾತಿಗೆ ಓಡಿ ಬಂದ.

ಮಹಾಲಿಂಗನ ಮೋಟಾರ್‌ಸೈಕಲ್ಲಿನಿಂದ ಇಳಿಯುತ್ತಲೇ ಹಾಲಸಿದ್ದಪ್ಪ ಅಂಗಳದಲ್ಲಿ ದನಿ ಎತ್ತಿದ. "ನಾ ಸತ್ತೇನೇನು? ತವರಮನಿ ಬಾಗಿಲಾ ಮುಚ್ಚೇತೇನು? ಯಾರ್ನ ಕೇಳಿ ಕಡಾಯಿ ಏರಿಸಿದಿ?"

ಓಣಿ ಬಾಗಿಲಿಗೆ ಬಂತು. ಹೊಳೆವ್ವ ದಾರಿ ಬಿಟ್ಟು ನಿಂತು, ಅಡುಗೆಮನೆಯ ಕಡೆ ಕೈ ತೋರಿಸಿದಳು. ಅವನು ಒಳಗೆ ನುಗ್ಗಿದ. ಕಡಾಯಿ ಮೊಳೆಯ ಮೇಲಿತ್ತು. ಅದರ ಹೊಟ್ಟೆಯಲ್ಲಿ ಜೇಡ ಬಲೆ ಕಟ್ಟಿ, ಆ ಬಲೆಯ ಮೇಲೂ ಧೂಳು ಕೂತಿತ್ತು. ಹಾಲಸಿದ್ದಪ್ಪ ಬೆರಳಾಡಿಸಿದ, ಬೆರಳಿಗೆ ತುಕ್ಕು ಹತ್ತಿತು. ಒಲೆ ತಣ್ಣಗಿತ್ತು. ಪಕ್ಕದಲ್ಲಿ ಓವನ್ನಿನ ಬಾಗಿಲು ಒಂದಿಷ್ಟು ತೆರೆದು ಬಿಸಿ ಉಸಿರು ಬಿಡುತ್ತಿತ್ತು.

ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿ, ಎಣ್ಣೆ ಸವರಿದ್ದೀಯೋ ಇಲ್ಲವೋ ಎಂದು ಕೇಳಿದ. ಸವರಿದ್ದೇನೆ ಎಂದಳು. ಹಾಗಾದರೆ ಕರಿದಂತೆಯೇ ಆಯಿತು ಎಂದ. ಬೋರವ್ವ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ತಲಿಗಿ ಎಣ್ಣಿ ಹಚ್ಕೊಂಡ ಬಿಸಲಾಗ ಬಂದಿಯಲ್ಲೋ ಹಾಲಸಿದ್ದಪ್ಪಾ," ಎಂದಳು. "ನಿನ್ನೂ ಕರದಾಂಗ ಆತೇನು?"

ಬಾಗಿಲಲ್ಲಿ ನಿಂತವರು ನಕ್ಕರು. ಅಷ್ಟರಲ್ಲಿ ಅಂಗಳದಿಂದ ಕರುಂ ಕರುಂ ಸಪ್ಪಳ. ಲಗಮಿ ಕೊಟ್ಟ ತಾಟನ್ನು ತೊಡೆಯ ಮೇಲಿಟ್ಟುಕೊಂಡು ಮಹಾಲಿಂಗ ಅರ್ಧ ಮುಗಿಸಿದ್ದ. ಅಪ್ಪ ತಿರುಗಿ ನೋಡಿದ್ದಕ್ಕೆ ಬಾಯಿ ಒರೆಸಿಕೊಂಡು, ಇದು ಕರಿದದ್ದಲ್ಲ ಬಿಡಪ್ಪಾ, ಕೈಗೆ ಎಣ್ಣೆ ಹತ್ತವಲ್ಲದು ಎಂದ. ಓಣಿ ಮತ್ತೆ ನಕ್ಕಿತು. ಹಾಲಸಿದ್ದಪ್ಪನ ಮುಖ ಕಪ್ಪಾಯಿತು. ಬಂದದ್ದು ತಂಗಿಯ ತಪ್ಪು ಹಿಡಿಯಲಿಕ್ಕೆ. ಈಗ ತಂಗಿಯ ಕಡಾಯಿ ಇಡಿಸದ ಅಣ್ಣನನ್ನು ಓಣಿಯೆಲ್ಲ ಕಣ್ಣಾರೆ ನೋಡುತ್ತಿತ್ತು. ಅವನಿಗೆ ಅದು ಹೊಳೆಯಿತು. ದನಿ ಇಳಿಸಿದ.

"ಆತು. ಬಂದೇನಲ್ಲ," ಎಂದ. "ಇಳಸು ಕಡಾಯಿ. ಎಣ್ಣಿ ಕೊಡು, ಈಗಿಂದೀಗ ಹಾಕತೇನಿ. ಹುಡುಗಿ ಮಾತು ಆಮ್ಯಾಲ ನೋಡೂನು."

ವರ್ಷವಿಡೀ ಹೊಳೆವ್ವ ಕಾದದ್ದು ಇದೇ ಮಾತಿಗೆ. ಬೋರವ್ವ ಆಗಲೇ ಎಣ್ಣೆಯ ತಂಬಿಗೆಗೆ ಕೈ ಹಾಕಿದ್ದಳು. ಅನಸವ್ವ, ಇನ್ನೇನು ಹೊಳೆವ್ವಾ, ಇಳಿಸು ಎಂದು ಬಾಗಿಲಿನಿಂದಲೇ ಹುರಿದುಂಬಿಸಿದಳು. ಹೊಳೆವ್ವ ಮೊಳೆಯ ತನಕ ಹೋದಳು. ಕಡಾಯಿಯ ಕಿವಿಗೆ ಕೈ ಹಾಕಿದಳು. ಆಮ್ಯಾಲ ನೋಡೂನು ಎಂಬ ಆ ಕೊನೆಯ ಮಾತು ಆಗ ಆಕೆಯ ಕಿವಿಯಲ್ಲಿ ಕೂತಿತು. ಎಣ್ಣೆ ಹೊಯ್ದ ಮೇಲೆ ಅಣ್ಣ ದೊಡ್ಡವನಾಗುತ್ತಾನೆ, ಉಪಕಾರ ಮಾಡಿದವನಾಗುತ್ತಾನೆ. ನಾಳೆ ಅದೇ ಹೊಸ್ತಿಲಲ್ಲಿ ನಿಂತು ಕೇಳಿದರೆ ಇಲ್ಲ ಎನ್ನಲು ಬಾಯಿ ಇರುವುದಿಲ್ಲ.

ಆಕೆ ಕೈ ತೆಗೆದಳು.

"ಇಳಸಂಗಿಲ್ಲ ಅಣ್ಣಾ," ಎಂದಳು. "ನೀ ಹಾಕೋ ಎಣ್ಣ್ಯಾಗ ನನ್ನ ಮಗಳ್ನ ಕರೀತಿ. ಇದು ಇಲ್ಲೇ ಇರ್ಲಿ. ಕರದದ್ದು ತಿನ್ನದ ನಾವೇನ ಸತ್ತಿಲ್ಲ."

ಆಕೆ ಓವನ್ನಿನಿಂದ ತಾಟು ತೆಗೆದು, ಚಿಪ್ಸನ್ನು ಬಟ್ಟಲಿಗೆ ಸುರಿದು, ಅಣ್ಣನ ಮುಂದೆ ಹಿಡಿದಳು. ತವರಿನವನು ಬಂದಿದ್ದಾನೆ, ಬರಿಬಾಯಲ್ಲಿ ಕಳಿಸುವ ಪದ್ಧತಿ ಈ ಮನೆಯಲ್ಲಿಲ್ಲ ಎಂದಳು. ಹಾಲಸಿದ್ದಪ್ಪ ಮುಟ್ಟದೆ ಹೊರಟ. ಮಹಾಲಿಂಗ ಖಾಲಿ ತಾಟನ್ನು ಕಟ್ಟೆಯ ಮೇಲಿಟ್ಟು, ಅತ್ತೆಗೆ ಕೈ ಮುಗಿದು, ಗಾಡಿಗೆ ಒದ್ದ.

ಇದರಿಂದ ಹೊಳೆವ್ವ ಏನೂ ಕಳೆದುಕೊಳ್ಳಲಿಲ್ಲ ಎಂದಲ್ಲ. ಸಾವಿನ ಮನೆ ಎಂಬ ಹೆಸರು ವರ್ಷಗಟ್ಟಲೆ ಹೋಗಲಿಲ್ಲ. ಒಂದು ದೀಪಾವಳಿಗೆ, ಹಾಸಿಗೆ ಹಿಡಿದಿದ್ದ ಬೋರವ್ವ ಕರಚಿಕಾಯಿ ಬೇಕೆಂದಳು. ಹೊಳೆವ್ವ ಅದನ್ನೂ ಓವನ್ನಿನಲ್ಲಿ ಸುಟ್ಟಳು, ಹೆಂಚಿನಂತೆ ಗಟ್ಟಿಯಾಯಿತು. ಮುದುಕಿ ಹಾಲಿನಲ್ಲಿ ನೆನೆಸಿ ತಿಂದಳು, ಚೆನ್ನಾಗಿದೆ ಎಂದಳು. ಚೆನ್ನಾಗಿರಲಿಲ್ಲ. ಪಕ್ಕದ ಮನೆಯಿಂದ ಒಂದು ತಂದು ಕೊಡಬಹುದಿತ್ತು, ಹೊಳೆವ್ವ ತರಲಿಲ್ಲ. ಮುಂದಿನ ದೀಪಾವಳಿಗೆ ಬೋರವ್ವ ಇರಲಿಲ್ಲ. ಅದಕ್ಕೂ ಸೇರಿಸಿಯೇ ಆಕೆ ಅಣ್ಣನ ಮೇಲೆ ಸಿಟ್ಟಾಗಿದ್ದಾಳೆ.

ವೈಶಾಲಿ ಓದು ಮುಗಿಸಿ ಬನಹಟ್ಟಿಯ ಒಂದು ಶಾಲೆಯಲ್ಲಿ ಟೀಚರಾದಳು. ಕಡಾಯಿ ಏರದ ಮನೆಯೆಂದು ಹಿಂಜರಿಯದ ಒಬ್ಬ ಮಾಸ್ತರ ಅವಳನ್ನು ಕೇಳಿಕೊಂಡು ಬಂದ. ಮದುವೆಯಲ್ಲಿ ಸೋದರಮಾವನ ಜಾಗದಲ್ಲಿ ಹಾಲಸಿದ್ದಪ್ಪನೇ ನಿಂತ. ಹೊಳೆವ್ವ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಕರಿಯುವ ಅಡುಗೆಯೆಲ್ಲ ಕಲ್ಯಾಣ ಮಂಟಪದಲ್ಲೇ ಆಯಿತು.

ಮೊನ್ನೆ ಮೊನ್ನೆ ಹಾಲಸಿದ್ದಪ್ಪ ಮತ್ತೆ ಬಂದಿದ್ದ. ಕೋಲು ಊರಿಕೊಂಡು, ಬಸ್ಸಿನಲ್ಲಿ, ಕಂಕುಳಲ್ಲಿ ಒಂದು ಸೀರೆಯ ಚೀಲ. ಬಹಳ ಹೊತ್ತು ಮೊಳೆಯ ಕಡೆ ನೋಡುತ್ತ ಕೂತು, ಇನ್ನಾದರೂ ಇಳಿಸು ತಂಗೀ, ನನ್ನ ಕೈಯಿಂದ ಒಂದು ಚಮಚ ಎಣ್ಣೆ ಬೀಳಲಿ, ನಾಳೆ ನಾನಿರುತ್ತೇನೋ ಇಲ್ಲವೋ ಎಂದ. ಹುಡುಗಿಯ ಮಾತು ಈಗ ಎಲ್ಲಿಯೂ ಇರಲಿಲ್ಲ. ಕೇಳುವುದಕ್ಕೆ ಅವನಲ್ಲಿ ಏನೂ ಉಳಿದಿರಲಿಲ್ಲ.

"ಇರ್ಲಿ ಬಿಡಣ್ಣಾ," ಎಂದಳು ಹೊಳೆವ್ವ. "ಅದು ಅಲ್ಲೇ ಛಲೋ ಐತಿ."

ಚಹಾ ತಂದಿಟ್ಟಳು, ಚಿಪ್ಸ್ ತಂದಿಟ್ಟಳು. ಈ ಸಲ ಅವನು ತಿಂದ. ಒಂದನ್ನು, ಆಮೇಲೆ ಇನ್ನೊಂದನ್ನು. ತಲೆ ತಗ್ಗಿಸಿಕೊಂಡೇ, ಉಪ್ಪು ಕಡಿಮೆಯಾಗಿದೆ ಎಂದ.

ಉಪ್ಪಿನ ಡಬ್ಬಿ ಆಕೆಯ ಮೊಣಕೈ ಹತ್ತಿರವೇ ಇತ್ತು. ಹೊಳೆವ್ವ ಅದರ ಕಡೆ ನೋಡಿದಳು, ಮುಟ್ಟಲಿಲ್ಲ. ಈಳಿಗೆ ಎಳೆದುಕೊಂಡು ಮುಂದಿನ ಬಟಾಟೆ ಹೆಚ್ಚಲು ಕೂತಳು.